ನಾನು ಘನ ಹಿಡಿಯದ ದಿನ

ನನ್ನ ತಮ್ಮ ಮಲ್ಲಪ್ಪ ಸರ್ಕಾರ ಕೊಡುವ ಕಂಬಾರಿಕೆಯ ಸನದಿಗಾಗಿ ಪರೀಕ್ಷೆ ಕೊಟ್ಟ ದಿನ ಅವನ ಎದುರಿಗೆ ಘನ ಎಂಬ ದೊಡ್ಡ ಸುತ್ತಿಗೆ ಹಿಡಿದು ನಿಲ್ಲಬೇಕಾದವಳು ನಾನು. ಬರುತ್ತೇನೆಂದು ಮಾತು ಕೊಟ್ಟಿದ್ದೆ. ಹೋಗಲಿಲ್ಲ. ಹೋಗದೆ ಉಳಿಯಲು ಒಂದು ಸುಳ್ಳು ಹೇಳಿದೆ. ಹೆಣ್ಣುಮಗಳು ಆ ಮಾತು ಹೇಳಿದರೆ ಮನೆಯ ಗಂಡಸರು ಮರುಮಾತು ಕೇಳುವ ಹಾಗಿರಲಿಲ್ಲ. ಅದು ಗೊತ್ತಿದ್ದೇ ಆ ಸುಳ್ಳನ್ನು ಆರಿಸಿಕೊಂಡೆ.

ನಾನು ಹೆಚ್ಚು ಓದಿದವಳಲ್ಲ. ಮಠದ ಅಯ್ಯನವರ ಹತ್ತಿರ ಎರಡು ಮಳೆಗಾಲ ಅಕ್ಷರ ಕಲಿತೆ, ಮೂರನೆಯ ಮಳೆಗಾಲಕ್ಕೆ ಕುಲುಮೆಯಲ್ಲಿ ತಿದಿ ಒತ್ತಲು ಕುಳಿತೆ. ಬರೆಯುವುದರಲ್ಲಿ ಹಿಂದುಮುಂದಾದರೆ ಓದುವವರು ಸರಿಮಾಡಿಕೊಳ್ಳಬೇಕು. ನಡೆದದ್ದನ್ನು ಮಾತ್ರ ಹಿಂದುಮುಂದು ಮಾಡುವುದಿಲ್ಲ.

ಹೋದ ಬೇಸಿಗೆಯಲ್ಲಿ ತಮ್ಮನನ್ನು ನೋಡಲು ಶಹಾಬಾದಕ್ಕೆ ಹೋಗಿದ್ದೆ. ಬಸ್ಸಿಳಿದು ಅವನ ಮನೆಗೆ ನಡೆಯುವ ದಾರಿಯಲ್ಲಿ ಕಿಟಕಿ ಬಾಗಿಲುಗಳಿಗೆ ಸರಳು ಕೂಡಿಸುವ ಅಂಗಡಿ ಇದೆ. ಅಲ್ಲಿ ಯಾರೋ ಕೆಂಪಗೆ ಕಾದ ತುಂಡನ್ನು ನೀರಿನ ಡಬ್ಬಿಗೆ ಅದ್ದಿದರು. ಚುಂಯ್ ಎಂದಿತು. ಎದ್ದ ಆವಿ ಮುಖಕ್ಕೆ ಬಡಿಯಿತು. ಮಳೆಯ ಮೊದಲ ಹನಿ ಬಿದ್ದ ಮಣ್ಣಿನ ವಾಸನೆಗೂ ರಕ್ತದ ವಾಸನೆಗೂ ನಡುವಿನ ಒಂದು ವಾಸನೆ ಅದು. ನಾನು ಅಲ್ಲೇ ಇದ್ದ ಫರಸಿ ಹಾಸುಗಲ್ಲಿನ ಮೇಲೆ ಕುಳಿತುಬಿಟ್ಟೆ. ಅಂಗಡಿಯವನು ಬಿಸಿಲು ಹೊಡೆದಿದೆ ಎಂದುಕೊಂಡು ನೀರು ತಂದುಕೊಟ್ಟ.

ನನಗೆ ಹೊಡೆದದ್ದು ಆ ಬೇಸಿಗೆ ಅಲ್ಲ. ಹೈದರಾಬಾದು ರಾಜ್ಯ ಇನ್ನೂ ಇದ್ದ ಕಾಲದ, ನನ್ನ ಮದುವೆಯ ವರ್ಷದ ಬೇಸಿಗೆ.

ನಮ್ಮದು ಶಹಾಬಾದದ ಮಗ್ಗುಲಿನ ಭಂಕೂರು. ಊರಿನಲ್ಲಿ ಅರ್ಧ ಜನ ಹೊಲ ಮಾಡುವವರು, ಅರ್ಧ ಜನ ಫರಸಿ ಕಲ್ಲಿನ ಖಣಿಯವರು. ಇಬ್ಬರಿಗೂ ನಮ್ಮ ಕುಲುಮೆ ಬೇಕು. ರೈತರು ಕುಂಟೆಯ ಕಬ್ಬಿಣದ ಅಲಗಾದ ಕುಡ, ಕುಡಗೋಲು ತರುತ್ತಿದ್ದರು, ರಾಶಿಯ ದಿನ ಜೋಳ ಅಳೆದು ಕೊಡುತ್ತಿದ್ದರು. ಖಣಿಯವರು ದಿನಾ ಸಂಜೆ ಮೊಂಡಾದ ಉಳಿಗಳ ಕಟ್ಟು ತಂದು ಚೆಲ್ಲುತ್ತಿದ್ದರು. ಮರುದಿನ ಬೆಳಿಗ್ಗೆ ಅವು ಚೂಪಾಗಿರಬೇಕು. ಉಳಿ ಮಾಡುವುದರಲ್ಲಿ ಇರುವ ವಿದ್ಯೆ ಬಡಿಯುವುದಲ್ಲ, ನೀರು ಕುಡಿಸುವುದು. ಕಾಸಿ, ಬಡಿದು, ತುದಿಯನ್ನಷ್ಟೇ ನೀರಿಗೆ ಅದ್ದಿ ಹೊರಗೆ ತೆಗೆದು ಕಾಯಬೇಕು. ಹಿಂದಿನ ಕಾವು ಮೆಲ್ಲಗೆ ತುದಿಗೆ ಹರಿದು ಬರುತ್ತದೆ, ಬಣ್ಣ ಬದಲಾಗುತ್ತದೆ. ಒಣಗಿದ ಜೋಳದ ದಂಟಿನ ಬಣ್ಣ ಬಂದ ಗಳಿಗೆಯಲ್ಲೇ ಪೂರ್ತಿ ಅದ್ದಬೇಕು. ಬೇಗ ಅದ್ದಿದರೆ ಕಲ್ಲಿಗೆ ತಾಗಿ ಒಡೆಯುತ್ತದೆ, ತಡವಾದರೆ ಬಾಗುತ್ತದೆ. ಮಲ್ಲು ಆ ಬಣ್ಣವನ್ನು ನೋಡುತ್ತಿರಲಿಲ್ಲ, ಅದು ಬರುವ ಮೊದಲೇ ಅವನ ಕೈಗೆ ಗೊತ್ತಾಗುತ್ತಿತ್ತು. ಅವನು ನೀರು ಕುಡಿಸಿದ ಉಳಿ ಒಡೆಯಿತೆಂದು ಖಣಿಯವರು ತಿರುಗಿ ತಂದದ್ದು ನಾನು ಕಾಣೆ.

ನಿಜಾಮರ ಆಳಿಕೆ ಮುಗಿಯುವ ಮುಂಚಿನ ಗಲಾಟೆಯ ವರ್ಷದಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಸೊಲ್ಲಾಪುರದ ಕಡೆ ಓಡಿಹೋದವನು ತಿರುಗಿ ಬರಲಿಲ್ಲ. ಕುಲುಮೆಯಲ್ಲಿ ಘನ ಹೊಡೆಯುತ್ತಿದ್ದವನು ಅವನೇ. ಆಮೇಲೆ ಅಪ್ಪನ ಬಲಗೈಗೆ ಲಕ್ವಾ ಹೊಡೆಯಿತು. ಅಪ್ಪ ಎಡಗೈಯಿಂದ ತಿದಿ ಎಳೆಯುತ್ತ ಕುಳಿತ, ಮಲ್ಲು ಇಕ್ಕಳ ಮತ್ತು ಸಣ್ಣ ಸುತ್ತಿಗೆ ಹಿಡಿದ, ನಾನು ಘನ ಎತ್ತಿಕೊಂಡೆ. ಅವನಿಗಿಂತ ನಾನು ಒಂದೂವರೆ ವರ್ಷಕ್ಕೆ ದೊಡ್ಡವಳು, ಮೈಕಟ್ಟಿನಲ್ಲೂ ದೊಡ್ಡವಳು. ಅಂಗಳಕ್ಕೆ ತೊಗರಿ ಕಟ್ಟಿಗೆಯ ತಟ್ಟಿ ಅಡ್ಡ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೆವು. ಒಳಗೆ ಘನ ಹೊಡೆಯುವವಳು ಹೆಣ್ಣುಮಗಳೆಂದು ಊರಿಗೆಲ್ಲ ಗೊತ್ತಿತ್ತು. ಆದರೆ ತಟ್ಟಿಯ ಈಚೆ ಯಾರೂ ಇಣುಕುತ್ತಿರಲಿಲ್ಲ. ಉಳಿಗಳನ್ನು ಹೊರಗೆ ಇಟ್ಟು ಹೋಗುತ್ತಿದ್ದರು. ಅದು ಊರು ನಮಗೆ ಕೊಟ್ಟ ಮರ್ಯಾದೆ.

ಕುಲುಮೆಯಲ್ಲಿ ಬಾಯಿ ಮಾತಿಗೆ ಜಾಗವಿಲ್ಲ. ಸಣ್ಣ ಸುತ್ತಿಗೆ ಹಿಡಿದವನೇ ಯಜಮಾನ. ಅವನು ಕಾದ ಕಬ್ಬಿಣದ ಮೇಲೆ ಎಲ್ಲಿ ತಟ್ಟುತ್ತಾನೋ ಅಲ್ಲಿಗೆ ಘನ ಬೀಳಬೇಕು. ಜೋರಾಗಿ ತಟ್ಟಿದರೆ ಜೋರಾಗಿ, ಹಗುರವಾಗಿ ತಟ್ಟಿದರೆ ಹಗುರ. ಸುತ್ತಿಗೆ ಕಬ್ಬಿಣ ಬಿಟ್ಟು, ಅದನ್ನು ಇಟ್ಟು ಬಡಿಯುವ ಅಡಿಗಲ್ಲಿನ ಅಂಚಿಗೆ ತಾಗಿತೋ, ಎತ್ತಿದ ಘನ ಎತ್ತಿದಲ್ಲೇ ನಿಲ್ಲಬೇಕು. ಇದು ಎಲ್ಲ ಕುಲುಮೆಗಳ ಮಾತು. ಅದರೊಳಗೆ ನಮ್ಮಿಬ್ಬರದೇ ಇನ್ನೊಂದು ಮಾತಿತ್ತು. ಅವನು ಸುತ್ತಿಗೆ ಎತ್ತುವ ಮೊದಲು ಮೂಗಿನಿಂದ ಉಸಿರು ಬಿಡುವುದನ್ನು ಕೇಳಿಯೇ ಏಟು ಎಲ್ಲಿ ಬೇಕೆಂದು ನನಗೆ ತಿಳಿಯುತ್ತಿತ್ತು.

ಆ ಬೇಸಿಗೆಯ ಆರಂಭದಲ್ಲಿ ಇಮಾಮಸಾಬ ಮಿಸ್ತ್ರಿ ನಮ್ಮ ಮನೆಗೆ ಬಂದರು. ವಾಡಿಯಲ್ಲಿ ರೈಲಿನ ಶೆಡ್ಡಿನಲ್ಲಿ ಕೆಲಸ, ಅಪ್ಪನ ಬಾಲ್ಯದ ಗೆಳೆಯ. ಮಲ್ಲು ಮಾಡಿದ ಉಳಿಯೊಂದನ್ನು ಕೈಯಲ್ಲಿ ತಿರುಗಿಸಿ ನೋಡಿ, ಅದನ್ನು ಕೆಳಗಿಡದೆ ಮಾತು ತೆಗೆದರು.

“ಈರಣ್ಣಾ, ನಿನ್ನ ಮಗಗ ಒಂದು ಸನದು ಮಾಡಿಸು. ಈಗ ಕಾರ್ಖಾನಿ ಗೇಟಿನ್ಯಾಗ ಕೈ ತೋರಿಸಿದ್ರ ಯಾರೂ ಒಳಗ ಬಿಡೂದಿಲ್ಲ. ಕಾಗದ ತೋರಿಸಬೇಕು.”

ಅಪ್ಪ ನಕ್ಕ. “ಕಬ್ಬಿಣಕ್ಕ ಓದ್ಲಿಕ್ಕ ಬರ್ತದೇನೋ ಇಮಾಮಾ?”

“ಕಬ್ಬಿಣಕ್ಕ ಬರೂದಿಲ್ಲ, ಸಾಹೇಬಗ ಬರ್ತದ. ಪಗಾರ ಕೊಡಾಂವ ಕಬ್ಬಿಣಲ್ಲ.”

“ಚಿತ್ತಾಪುರದಾಗ ಒಬ್ಬಾಂವ ಸನದು ತಂದು ಗ್ವಾಡಿಗೆ ಹಾಕ್ಯಾನ. ಅದರ ಕೆಳಗ ಕುಂತು ಬೀಡಿ ಕಟ್ಟಾಕತ್ತಾನ.”

“ಅವನ ಸನದು ಖರೇ, ಕೈ ಸುಳ್ಳು. ನಿನ್ನ ಮಗನ ಕೈ ಖರೇ ಅದ, ಸನದಿಲ್ಲ. ಎರಡೂ ಕೂಡಿದ್ರ ರೊಟ್ಟಿ.” ಮಿಸ್ತ್ರಿಯವರು ಉಳಿಯನ್ನು ಕೆಳಗಿಟ್ಟರು. “ನನ್ನ ನೋಡು. ಗಡ್ಡ ಬೆಳ್ಳಗಾಗೂ ತನಕ ದುಡಿದೀನಿ. ಮೊನ್ನಿ ಒಬ್ಬ ಮೀಸಿ ಬರದ ಹುಡುಗ ಸನದು ಹಿಡಕೊಂಡು ಬಂದ. ಬೆಂಕಿ ಬಣ್ಣ ನಾ ಅವಗ ಕಲಿಸ್ತೀನಿ, ಹಾಜರಿ ಅಂವ ನನಗ ಹಾಕ್ತಾನ.”

ಸನದಿಗೆ ಹೈದರಾಬಾದಿಗೆ ಹೋಗಬೇಕಿತ್ತು. ಅಲ್ಲಿನ ಕಸಬಿನ ಶಾಲೆಯಲ್ಲಿ ಒಂದೂವರೆ ವರ್ಷ. ಶಾಲೆಯ ಫೀಸು ದೊಡ್ಡದಲ್ಲ, ಇರಲು ತಮ್ಮ ತಂಗಿಯ ಮನೆಯ ಹೊರಕೋಣೆ ಕೊಡಿಸುತ್ತೇನೆ, ಅಡಿಗೆ ಬೇಕಾದರೆ ಅವನೇ ಮಾಡಿಕೊಳ್ಳಲಿ ಎಂದು ಮಿಸ್ತ್ರಿಯವರು ಹೇಳಿದರು. ಅವ್ವ ಅಷ್ಟರಲ್ಲೇ ಎಷ್ಟು ಸೇರು ಹಿಟ್ಟು ಕಟ್ಟಬೇಕೆಂದು ಯೋಚಿಸತೊಡಗಿದ್ದಳು. ಬೇಡವೆಂದವನು ಮಲ್ಲುವೇ.

“ಒಂದೂವರಿ ವರ್ಷ ನಾ ಇಲ್ಲಂದ್ರ ಈ ಬೆಂಕಿ ಆರ್ತದ, ಮಿಸ್ತ್ರಿ ಕಾಕಾ. ಖಣಿ ಮಂದಿ ಒಂದು ದಿನ ಕಾಯೂದಿಲ್ಲ. ತಿರುಗಿ ಬರೂದ್ರಾಗ ಎಲ್ಲಾ ಗಿರಾಕಿ ಬ್ಯಾರೆ ಕಡಿ. ಇವರು ಏನ್ ತಿಂತಾರ, ನನ್ನ ಸನದು ತಿಂತಾರೇನು?”

ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಅವನ ಮನಸ್ಸಿನಲ್ಲಿ ಮುಗಿಯಲಿಲ್ಲ. ಮರುದಿನ ಘನ ಇಳಿಸಿ ನಾನು ಬೆವರು ಒರೆಸಿಕೊಳ್ಳುವಾಗ ಹೇಳಿದ: “ಅಕ್ಕಾ, ನಿನ್ನ ಲಗ್ನ ಆದ ಮ್ಯಾಲ ಹೆಂಗಾದ್ರೂ ಈ ಕುಲುಮಿ ನಿಲ್ತದ. ಒಬ್ಬನ ಕೈಲೆ ಉಳಿ ಆಗೂದಿಲ್ಲ. ಆಳ ಇಟ್ಟರ ಅವಗ ಕೊಟ್ಟು ನಮಗೇನೂ ಉಳಿಯೂದಿಲ್ಲ. ನೀ ಹೋಗೂದ್ರಾಗ ನನಗೊಂದು ಕಾಗದ ಬೇಕು.”

ಅವನು ಕೊರಗಿನಿಂದ ಹೇಳಿದ್ದಲ್ಲ. ಮಳೆ ಬರುವುದರೊಳಗೆ ಹೊದಿಕೆ ಸರಿಮಾಡಬೇಕು ಎನ್ನುವ ಹಾಗೆ ಹೇಳಿದ. ನನ್ನ ಮದುವೆ ಆಗಲೇ ತಡವಾಗಿತ್ತು. ಗಲಾಟೆಯ ವರ್ಷಗಳಲ್ಲಿ ಮದುವೆಗಳೇ ಇರಲಿಲ್ಲ, ಆಮೇಲೆ ಅಪ್ಪನ ಕಾಯಿಲೆ. ಚಿಂಚೋಳಿಯಿಂದ ಒಂದು ಗಂಡು ಬಂದು ನೋಡಿ ಹೋಗಿತ್ತು. ಪೇಟೆಯಲ್ಲಿ ಅಂಗಡಿ ಇಟ್ಟವರು. ಹುಡುಗಿಯ ಕೈ ಒರಟು ಎಂದು ಹೇಳಿಕಳಿಸಿದರು. ಆ ಮಾತು ಬಂದ ದಿನದಿಂದ ಅವ್ವ ದಿನಾ ನನ್ನ ಅಂಗೈಗೆ ಬೆಣ್ಣೆ ಅರಿಶಿನ ತಿಕ್ಕುತ್ತಿದ್ದಳು. ಬೆಳಿಗ್ಗೆ ಎದ್ದು ನಾನು ಘನ ಹಿಡಿಯುತ್ತಿದ್ದೆ. ಬೆಣ್ಣೆಗೂ ಘನಕ್ಕೂ ಜಗಳ ನಡೆದು ದಿನಾ ಘನವೇ ಗೆಲ್ಲುತ್ತಿತ್ತು.

ಹದಿನೈದು ದಿನ ಕಳೆದು ಇಮಾಮಸಾಬರು ಮತ್ತೆ ಬಂದರು. ಈ ಸಲ ಕಟ್ಟೆಯ ಮೇಲೆ ಕೂರಲೂ ಇಲ್ಲ.

“ಈರಣ್ಣಾ, ದಾರಿ ಸಿಕ್ತು! ಕಸಬು ಮಾಡಿ ಐದು ವರ್ಷ ಆದವರಿಗೆ ಸಾಲಿ ಬ್ಯಾಡಂತ. ಶಹಾಬಾದದಾಗ ಒಂದು ದಿನದ ಪರೀಕ್ಷಾ. ಅವರು ಕೊಟ್ಟ ಉಕ್ಕಿನ್ಯಾಗ ಒಂದು ಇಕ್ಕಳ, ಒಂದು ಉಳಿ ಮಾಡಿ ತೋರಿಸಬೇಕು. ಪಾಸಾದ್ರ ಅದೇ ಸನದು!”

ಐದು ವರ್ಷ ಕಸಬು ಮಾಡಿದ್ದಕ್ಕೆ ಊರ ಪಟೇಲರದೊಂದು ಚೀಟಿ ಬೇಕಿತ್ತು. ಫೀಸು ಹೈದರಾಬಾದಿನ ಹಾಲಿ ಸಿಕ್ಕಾದಲ್ಲಿ ನಡೆಯುವುದಿಲ್ಲ, ಭಾರತ ಸರ್ಕಾರದ ಕಲದಾರ್ ರೂಪಾಯಿಯೇ ಆಗಬೇಕು ಎಂದಿದ್ದರು. ಅವ್ವ ಆಡು ಮಾರಿದಳು. ಇನ್ನೊಂದು ನಿಯಮವಿತ್ತು. ಘನ ಹೊಡೆಯಲು ಸರ್ಕಾರದ ಆಳು ಸಿಗುವುದಿಲ್ಲ, ಪ್ರತಿಯೊಬ್ಬನೂ ತನ್ನ ಜೋಡಿದಾರನನ್ನು ತಾನೇ ಕರೆತರಬೇಕು.

ಮಲ್ಲು ನನ್ನ ಕಡೆ ನೋಡಿದ.

“ಹೆಣ್ಣುಮಗಳು ನಡೀತದೇನ್ರಿ ಮಿಸ್ತ್ರಿಯವರ?” ಎಂದು ಕೇಳಿದವಳು ನಾನೇ.

“ಅದನ್ನ ಕೇಳಿ ಬಂದೀನಿ, ಮಗಳ. ಕಾಗದದಾಗ ಗಂಡಸು ಅಂತ ಬರೆದಿಲ್ಲ, ಜೋಡಿದಾರ ಅಂತ ಬರೆದಾರ. ಕಾರಕೂನ ಭಾಳ ಹೊತ್ತು ತಲಿ ಕೆರಕೊಂಡ. ಬ್ಯಾಡ ಅನ್ಲಿಕ್ಕ ಅವಗ ಕಾಯ್ದೆ ಸಿಗಲಿಲ್ಲ.”

ನಾನು ಬರುತ್ತೇನೆಂದೆ. ಆ ಹೊತ್ತಿಗೆ ಮನಸ್ಸಿನಿಂದಲೇ ಅಂದೆ.

ಅದರ ಮುಂದಿನ ದಿನಗಳು ನನ್ನ ಬಾಳಿನಲ್ಲಿ ಎಣಿಸಿ ತೆಗೆದಿಟ್ಟುಕೊಂಡ ದಿನಗಳು. ಬಿಸಿಲು ಏರಿದರೆ ಫರಸಿ ಹಾಸಿದ ಅಂಗಳದಲ್ಲಿ ಕಾಲಿಡಲಾಗುತ್ತಿರಲಿಲ್ಲ. ಕೋಳಿ ಕೂಗುವ ಹೊತ್ತಿಗೆ ಬೆಂಕಿ ಹಾಕುತ್ತಿದ್ದೆವು. ಮೃಗಶಿರದ ಮಳೆಗೆ ಮುಂಚೆ ಕುಡಗಳ ಕೆಲಸವೂ ರಾಶಿ ಬಿದ್ದಿತ್ತು. ತೆಂಗಳಿಯ ಕಡೆಯಿಂದಲೂ ಬಂಡಿಗಳು ಬರುತ್ತಿದ್ದವು. ಅದನ್ನೆಲ್ಲ ಮುಗಿಸಿ, ಹಳೆಯ ಬಂಡಿಯ ಉಕ್ಕಿನ ತುಂಡಿನಲ್ಲಿ ಪರೀಕ್ಷೆಯ ಉಳಿ ಮಾಡುತ್ತಿದ್ದೆವು. ಅಪ್ಪ ತಿದಿ ಎಳೆಯುತ್ತಲೇ ಪರೀಕ್ಷೆಯ ಸಾಹೇಬನಾಗುತ್ತಿದ್ದ. ಗಂಟಲು ಬಿಗಿಮಾಡಿ “ಕ್ಯಾ ನಾಮ್ ಹೈ?” ಎಂದು ಕೇಳುತ್ತಿದ್ದ. ಮಲ್ಲು “ಮಲ್ಲಪ್ಪ, ಹುಜೂರ್” ಎಂದು ಕೈಕಟ್ಟಿ ನಿಲ್ಲುತ್ತಿದ್ದ.

“ಅಕ್ಕಾ, ಪಾಸಾದ್ರ ನಿನಗ ಅರ್ಧ ಸನದು ಹರದು ಕೊಡ್ತೀನಿ. ಹಾಲ ಕಾಸ್ಲಿಕ್ಕ ಒಲಿಗೆ ಹಾಕು.”

“ನನ್ನ ಅರ್ಧದ ಮ್ಯಾಲ ಮುದ್ರಿ ಇರಬೇಕು ನೋಡಪಾ. ಮುದ್ರಿ ಇಲ್ಲದ್ದು ನಾ ಒಲಿಗೂ ಹಾಕೂದಿಲ್ಲ.”

ಆಮೇಲೆ ಗುಂಡಗುರ್ತಿಯವರು ನನ್ನನ್ನು ನೋಡಲು ಬಂದರು. ಅವರದೂ ಕುಲುಮೆಯ ಮನೆ. ಗಂಡಿನ ಸೋದರತ್ತೆ, ಎತ್ತರದ ಹೆಂಗಸು, ನನ್ನನ್ನು ಹತ್ತಿರ ಕೂರಿಸಿಕೊಂಡು ಕೈ ಎಳೆದುಕೊಂಡಳು. ಹೆಬ್ಬೆರಳಿನಿಂದ ನನ್ನ ಬೆರಳುಗಳ ಬುಡದಲ್ಲಿದ್ದ ಗಂಟುಗಳನ್ನು ಒಂದೊಂದಾಗಿ ಒತ್ತಿದಳು. ಆಮೇಲೆ ನನ್ನ ಮುಷ್ಟಿ ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. ನನಗೆ ಚಿಂಚೋಳಿಯ ಮಾತು ನೆನಪಾಗಿ ಕಿವಿ ಬಿಸಿಯಾದವು. ತಿಳಿಸುತ್ತೇವೆ ಎಂದು ಹೇಳಿ ಎದ್ದು ಹೋದರು.

ಪರೀಕ್ಷೆಗೆ ನಾಲ್ಕು ದಿನ ಉಳಿದಾಗ ಗುಂಡಗುರ್ತಿಯಿಂದ ಮಾತು ಬಂತು. ಪರೀಕ್ಷೆಯ ದಿನವೇ ಅವರು ಶಹಾಬಾದಕ್ಕೆ ಬರುವವರಿದ್ದರು. ಪೇಟೆಯ ಕೆಲಸ ಮುಗಿಸಿಕೊಂಡು ಸಂಜೆ ನಮ್ಮಲ್ಲಿಗೆ ಬಂದು ಮಾತು ಮುಗಿಸುತ್ತಾರಂತೆ. ಅವ್ವನಿಗೆ ಸಂತೋಷವಾಗಿ ಅಳು ಬಂತು. ನಾನು ಮಾತ್ರ ಪರೀಕ್ಷೆ ನಡೆಯುವ ಜಾಗವನ್ನು ನೆನೆದೆ. ಸ್ಟೇಷನ್ನಿನ ಹಿಂದೆ, ಮೂರು ಕಡೆ ತೆರೆದ ತಗಡಿನ ಶೆಡ್ಡು. ಮುಂದೆಯೇ ಪೇಟೆಗೆ ಹೋಗುವ ದಾರಿ. ನೂರಾರು ಗಂಡಸರ ನಡುವೆ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ತಲೆಯ ಮೇಲೆ ಘನ ಎತ್ತಿದ ನಾನು. ದಾರಿಯಲ್ಲಿ ನಿಂತು ನೋಡುವ ಆ ಎತ್ತರದ ಹೆಂಗಸು.

ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮಂದಿ ನೋಡ್ತಾರ ಖರೇ. ತಮ್ಮಗ ಮಾತ ಕೊಟ್ಟೀದಿ, ಅದೂ ಖರೇ. ನಾ ಏನ್ ಹೇಳ್ಲಿ, ನೀನ ನೋಡ್ಕೊ” ಎಂದಳು. ಮಲ್ಲುವಿಗೆ ಹೇಳಿದ್ದರೆ ಅವನು ಬೇರೆ ಜೋಡಿಯನ್ನು ಹುಡುಕಿ ನಾಲ್ಕು ದಿನ ಪಳಗಿಸಿಕೊಳ್ಳುತ್ತಿದ್ದ. ಅದನ್ನಾದರೂ ಮಾಡಬಹುದಿತ್ತು. ಹೇಳಿದರೆ ಅವನ ಕಣ್ಣಲ್ಲಿ ಸಣ್ಣವಳಾಗುತ್ತೇನೆಂದು ಸುಮ್ಮನಿದ್ದೆ. ನಾಲ್ಕು ದಿನವೂ ಅವನೆದುರು ಘನ ಹೊಡೆದೆ.

ಆ ಬೆಳಿಗ್ಗೆ ಅವನು ಮಿಂದು, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಘನವನ್ನು ಹೆಗಲ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತ. ನಾನು ದನದ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕುಳಿತಿದ್ದೆ.

“ಅಕ್ಕಾ, ಏಳು. ಬಿಸಿಲ ಏರ್ತದ.”

“ಹತ್ತರ ಬರಬ್ಯಾಡ ಮಲ್ಲು. ನಾ ಕಡಿಗಿ ಕುಂತೀನಿ.”

ತಿಂಗಳ ಆ ದಿನಗಳಿಗೆ ನಮ್ಮ ಕಡೆ ಹೇಳುವ ಮಾತು ಅದು. ನಮ್ಮದು ಬಸವಣ್ಣನನ್ನು ನಂಬಿದ ಮನೆ. ಲಿಂಗ ಕಟ್ಟಿದವರಿಗೆ ಆ ಮೈಲಿಗೆ ಇಲ್ಲವೆಂದು ಮಠದ ಅಯ್ಯನವರು ಹೇಳುತ್ತಿದ್ದರು. ಆದರೂ ಅಡಿಗಲ್ಲಿಗಾಗಿ ನಾವು ಅದನ್ನು ಪಾಲಿಸುತ್ತಿದ್ದೆವು, ಆ ದಿನಗಳಲ್ಲಿ ಕೊಟ್ಟಿಗೆಯಲ್ಲಿ ಬೇರೆ ಕೂರುತ್ತಿದ್ದೆವು. ಆ ಮೂರು ದಿನ ಹೆಣ್ಣುಮಗಳು ಘನ ಮುಟ್ಟಿದರೆ ಉಕ್ಕಿಗೆ ಹದ ಕೂರುವುದಿಲ್ಲ ಎಂದು ಅಪ್ಪನ ಅಪ್ಪನ ಕಾಲದಿಂದ ನಂಬಿದ್ದೆವು. ನಾನು ತಿಂಗಳು ತಿಂಗಳೂ ಆ ಮೂರು ದಿನ ಘನ ಬಿಡುತ್ತಿದ್ದೆ, ಕುಡಗಳ ಸಣ್ಣ ಕೆಲಸ ಮಾತ್ರ ನಡೆಯುತ್ತಿತ್ತು. ಅದಕ್ಕೇ, ದಿನ ಎಣಿಸದ ಗಂಡಸರಿಗೆ ಸಂಶಯ ಬರಲಿಲ್ಲ.

ಮಲ್ಲು ಘನವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

“ಇವತ್ತ?” ಎಂದ. ಅಷ್ಟೇ.

ಅಪ್ಪ ಒಳಗಿನಿಂದ, “ಶಿವನ ಇಚ್ಛಾ ಇರಲಿ. ಖಣಿ ಭೀಮಶಾನ್ನ ಕರಕೊಂಡು ಹೋಗು. ರಟ್ಟಿ ಗಟ್ಟಿ ಅದಾನ” ಎಂದ. ಮಲ್ಲು ಹೋದ. ಅವನ ಹೆಜ್ಜೆ ಫರಸಿಯ ಮೇಲೆ ಸಪ್ಪಳವಾಗುತ್ತ ದೂರವಾಯಿತು. ನಾನು ಎದ್ದು ಓಡಿದ್ದರೆ ಊರ ಅಗಸಿ ಬಾಗಿಲಲ್ಲಿ ಹಿಡಿಯಬಹುದಿತ್ತು. ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಅವ್ವನಿಗೆ ನನ್ನ ದಿನಗಳು ಗೊತ್ತಿದ್ದವು. ಇಪ್ಪತ್ತು ದಿನದ ಹಿಂದಷ್ಟೇ ನನ್ನ ಬಟ್ಟೆ ಒಣಹಾಕಿದವಳು ಅವಳು. ಮಧ್ಯಾಹ್ನ ಮುತ್ತಲದೆಲೆಯ ಮೇಲೆ ರೊಟ್ಟಿ ಇಟ್ಟು, ನನ್ನನ್ನು ಮುಟ್ಟದೆ ದೂರದಿಂದಲೇ ತಳ್ಳಿದಳು. ಅಪ್ಪ ನೋಡುತ್ತಿದ್ದ. ಆ ಎಲೆ ನೆಲದ ಮೇಲೆ ಜಾರಿ ಬಂದಾಗ ನನ್ನ ಸುಳ್ಳಿಗೆ ಅವಳೂ ಕೈಹಚ್ಚಿದಳೆಂದು ತಿಳಿಯಿತು. ಸಾಯುವವರೆಗೂ ನಾವಿಬ್ಬರೂ ಅದರ ಮಾತೆತ್ತಲಿಲ್ಲ.

ಸಂಜೆ ಮಲ್ಲು ಬರುವ ಮೊದಲು ಇಮಾಮಸಾಬರು ಬಂದರು. ಅಪ್ಪನಿಗೆ ಹೇಳಿದ್ದನ್ನು ನಾನು ಕೊಟ್ಟಿಗೆಯಲ್ಲಿ ಕುಳಿತು ಕೇಳಿದೆ.

“ಇಕ್ಕಳ ನೋಡಿ ಸಾಹೇಬ ವ್ಹಾ ಅಂದ, ಈರಣ್ಣಾ. ಇಕ್ಕಳ ಮಾಡ್ಲಿಕ್ಕ ಘನ ಭಾಳ ಬೇಕಾಗೂದಿಲ್ಲಲ್ಲ. ಉಳಿ ಮಾಡೂವಾಗ ಕೆಟ್ಟಿತು. ತುದಿ ತೆಳ್ಳಗ ಬಂದಿತ್ತು, ಕಾವು ಇಳಿದು ಕರ್ರಗಾಗಿತ್ತು. ನಿನ್ನ ಮಗ ಅಡಿಗಲ್ಲಿಗೆ ತಟ್ಟಿದ, ನಿಲ್ಸು ಅಂತ. ಭೀಮಶಾಗ ಅದೇನ್ ತಿಳೀತದ? ಅಂವ ಕಲ್ಲ ಒಡೆಯಾಂವ. ಇನ್ನೊಂದು ಹಾಕಿದ, ಜೋರಲೆ. ಉಕ್ಕು ಸೀಳಿ ಬಿಡ್ತು. ಉಳಿಗೆ ಒಬ್ಬೊಬ್ಬರಿಗೆ ಒಂದೇ ತುಂಡು ಕೊಟ್ಟಿದ್ರು.”

“ಸಾಹೇಬಗ ಹೇಳಬೇಕಿಲ್ಲೇನೋ?”

“ಹೇಳಿದೆ. ಅವಗೂ ತಿಳದದ. ಹುಡುಗನ ಕೈ ಛಲೋ ಅದ, ಆದ್ರ ನಾ ಬರೀಬೇಕಾದ್ದು ಈ ಉಳಿ ಬಗ್ಗೆ ಅಂದ.”

ಅಪ್ಪ, “ನಮ್ಮ ನೀಲಮ್ಮ ಇದ್ದಿದ್ರ ಆಗಿರ್ತಿತ್ತು” ಎಂದ. ನನ್ನನ್ನು ದೂರಿ ಹೇಳಿದ್ದಲ್ಲ, ಹೆಮ್ಮೆಯಿಂದ ಹೇಳಿದ್ದು. ನನ್ನ ಹೆಸರನ್ನು ಅಷ್ಟು ಹೆಮ್ಮೆಯಿಂದ ಅವನು ಮತ್ತೆಂದೂ ಹೇಳಿದ್ದಿಲ್ಲ.

ಮಲ್ಲು ಬಂದು ಘನವನ್ನು ಗೋಡೆಗೆ ಆನಿಸಿಟ್ಟ, ಕಾಲು ತೊಳೆದ. ಅವನ ಹಿಂದೆಯೇ ಗುಂಡಗುರ್ತಿಯವರು ಬಂದರು. ಅವನು ತಾನೇ ಹೋಗಿ “ಬರ್ರಿ, ಕುಂದ್ರಿ” ಎಂದು ಕಂಬಳಿ ಹಾಸಿದ, ನೀರು ಕೊಟ್ಟ. ಸೋದರತ್ತೆ ಕೊಟ್ಟಿಗೆಯಲ್ಲಿ ಬೇರೆ ಕುಳಿತ ನನ್ನ ಕಡೆ ನೋಡಿ, “ಹೌದೇನವ್ವಾ, ಇರಲಿ ಬಿಡು” ಎಂದಳು. ಅವರು ಆ ದಿನ ಸ್ಟೇಷನ್ನಿನ ಕಡೆಗೇ ಹೋಗಿರಲಿಲ್ಲ. ನನ್ನ ಮದುವೆ ಆ ಸಂಜೆ ನಿಶ್ಚಯವಾಯಿತು. ನಾನು ಸುಳ್ಳನ್ನು ಪೂರ್ತಿ ಮಾಡಲು ಇನ್ನೂ ಎರಡು ದಿನ ಅದೇ ಗೋಣಿಚೀಲದ ಮೇಲೆ ಕುಳಿತಿದ್ದೆ.

ಮದುವೆಯಾಗಿ ಗುಂಡಗುರ್ತಿಗೆ ಹೋಗಿ ಒಂದು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ನನ್ನ ಅತ್ತೆ ಘನವನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿದಳು. “ನನಗ ವಯಸ್ಸಾತು. ಇನ್ನ ಮ್ಯಾಲ ನೀ ಹಿಡಿಯವಾ” ಎಂದಳು. ಅದುವರೆಗೆ ಆ ಮನೆಯಲ್ಲಿ ಘನ ಹೊಡೆಯುತ್ತಿದ್ದವಳು ಅವಳೇ. ಮದುವಣಗಿತ್ತಿಗೆ ಮೊದಲ ವರ್ಷ ಕೊಡಬಾರದೆಂದು ತಡೆದಿದ್ದಳು, ಅಷ್ಟೇ. ಅಲ್ಲಿ ತಟ್ಟಿಯೂ ಇರಲಿಲ್ಲ, ದಾರಿಯ ಮೇಲೆಯೇ ಕುಲುಮೆ. ಸೋದರತ್ತೆ ಮಗ್ಗುಲಲ್ಲಿ ನಿಂತು ನಗುತ್ತಿದ್ದಳು. “ಅವತ್ತ ಆಕಿ ಅಂಗೈ ಒತ್ತಿ ನೋಡೇ ನಾ ಮನಿಗೆ ಬಂದು ಹೇಳಿದೆ, ಈ ಹುಡುಗಿನ್ನ ಬಿಡಬ್ಯಾಡ್ರಿ ಅಂತ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಾವಿಯ ಹತ್ತಿರ ಹೋಗಿ ಕೊಡ ತುಂಬುವ ನೆಪದಲ್ಲಿ ಕುಳಿತೆ. ಯಾವ ಕೈಯನ್ನು ಮುಚ್ಚಿಡಲು ತಮ್ಮನನ್ನು ಕೈಬಿಟ್ಟೆನೋ ಅದೇ ಕೈಯನ್ನು ನೋಡಿ ಇವರು ನನ್ನನ್ನು ತಂದಿದ್ದರು. ಶೆಡ್ಡಿನ ಮುಂದೆ ನಿಂತು ನೋಡಿದ್ದರೆ ಅವರು ಇನ್ನಷ್ಟು ಒಪ್ಪುತ್ತಿದ್ದರು.

ಭಂಕೂರಿನ ಕುಲುಮೆ ನಾನು ಹೋದ ಮಳೆಗಾಲದಲ್ಲೇ ತಣ್ಣಗಾಯಿತು. ಮರುವರ್ಷ ಆ ಪರೀಕ್ಷೆ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ. ಆಮೇಲೆ ಹೈದರಾಬಾದು ರಾಜ್ಯವೇ ಮುಗಿದು ನಾವು ಮೈಸೂರಿಗೆ ಸೇರಿದೆವು. ಹೊಸ ಕಚೇರಿ, ಹೊಸ ಸಾಹೇಬರು. ಶಾಲೆಯ ಸನದು ಇದ್ದವರಿಗೆ ಮಾತ್ರ ಕಸಬಿನ ಕೆಲಸ ಎಂದರು. ಮಲ್ಲುವನ್ನು ಒಂದು ಕಾರ್ಖಾನೆಯಲ್ಲಿ ಘನ ಹೊಡೆಯಲು ತೆಗೆದುಕೊಂಡರು. ಸಣ್ಣ ಸುತ್ತಿಗೆ ಸನದಿನವರ ಕೈಯಲ್ಲಿ. ಅವರು ತಟ್ಟಿದಲ್ಲಿ ಇವನು ಹೊಡೆಯಬೇಕು. ತಪ್ಪು ಜಾಗದಲ್ಲಿ ತಟ್ಟಿದ್ದಾರೆಂದು ಗೊತ್ತಿದ್ದರೂ ಅಲ್ಲೇ ಹೊಡೆಯಬೇಕು. ನೀರು ಕುಡಿಸುವಾಗ ಬಣ್ಣ ಬಂದುಹೋಗುವುದು ಕಣ್ಣಿಗೆ ಕಂಡರೂ ಬಾಯಿ ಬಿಡುವಂತಿಲ್ಲ. ತಲೆ ನರೆತು ಹೊರಗೆ ಬರುವವರೆಗೂ ಅದೇ ಕೆಲಸ ಮಾಡಿದ. ಉಕ್ಕಿನ ಬಣ್ಣ ಅಷ್ಟು ಬಲ್ಲ ಕೈ ಮತ್ತೆ ಇಕ್ಕಳ ಹಿಡಿಯಲಿಲ್ಲ.

ಪ್ರತಿ ವರ್ಷ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಅವನೇ ಬರುತ್ತಿದ್ದ. ಗುಂಡಗುರ್ತಿಯಿಂದ ನಡೆಯುವಾಗ ಇಬ್ಬರೇ ಇರುತ್ತಿದ್ದೆವು. ಈ ಹಳ್ಳ ದಾಟಿದ ಮೇಲೆ ಹೇಳುತ್ತೇನೆ, ಆ ಬೇವಿನ ಮರ ಬಂದಾಗ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬಾಯಿ ತೆರೆದಾಗ, “ತೊಗರಿ ಈ ವರ್ಷ ಛಲೋ ಎದ್ದಾವಲ್ಲ” ಎಂದು ಬರುತ್ತಿತ್ತು. ಅವನು “ಹೌದಕ್ಕಾ” ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಅವನ ಮನೆ ತಲುಪಿದಾಗ ಅಂಗಳದಲ್ಲಿ ಮಾತು ಜೋರಾಗಿತ್ತು. ಮಲ್ಲುವಿನ ಮೊಮ್ಮಗಳು ಸವಿತಾ ವೆಲ್ಡಿಂಗ್ ಕಲಿಯುವ ಎರಡು ವರ್ಷದ ಕೋರ್ಸಿಗೆ ಅರ್ಜಿ ತಂದಿದ್ದಳು. ಅವಳಪ್ಪ ಬಸವರಾಜ, ಮಲ್ಲುವಿನ ಮಗ, ನನಗೆ ಸೋದರಳಿಯ, ಫೀಸು, ಬಸ್ಸಿನ ಪಾಸು, ಬೂಟು, ಕನ್ನಡಕ ಎಂದು ಬೆರಳು ಮಡಚುತ್ತಿದ್ದ.

“ಇಷ್ಟೆಲ್ಲಾ ಹಾಕಿ ಕಾಗದ ತಂದ್ರ ಯಾರ್ ಕೆಲಸ ಕೊಡ್ತಾರ? ಹೆಣ್ಣುಹುಡುಗಿ ಬೆಂಕಿ ಮುಂದ ನಿಂತ್ರ ನಾಳೆ ಯಾರ್ ಮಾಡ್ಕೋತಾರ?”

“ಸೇರಿಸು” ಎಂದ ಮಲ್ಲು. ಹೊರಸಿನ ಮೇಲೆ ಮಲಗಿದ್ದವನು ಎದ್ದು ಕುಳಿತ. “ಕಾಗದ ಎಲ್ಲಾರಿಗೂ ರೊಟ್ಟಿ ಕೊಡೂದಿಲ್ಲ, ಖರೇ. ಆದ್ರ ಕಾಗದ ಇಲ್ಲದಾಂವ ಬಾಯಿ ತೆರೀಲಿಕ್ಕ ಬರೂದಿಲ್ಲ.”

ಸವಿತಾ ಕೇಳಿದಳು: “ಮುತ್ಯಾ, ನಿಮಗ ಅಷ್ಟು ಕೆಲಸ ಬರ್ತಿತ್ತಂತ. ನೀವ್ಯಾಕ ಸನದು ತಗೋಲಿಲ್ಲ?”

ಅವನು ನನ್ನ ಕಡೆ ನೋಡಲಿಲ್ಲ. “ಪರೀಕ್ಷಾಕ್ಕ ಹೋಗಿದ್ನವಾ. ಅವತ್ತ ನಮ್ಮಕ್ಕಗ ಮೈಯಾಗ ಆರಾಮ ಇದ್ದಿದ್ದಿಲ್ಲ. ಆಕಿ ತಪ್ಪಲ್ಲ, ಹಣೇಬಾರ” ಎಂದ.

ಅರವತ್ತು ವರ್ಷ ಅವನು ಇದನ್ನೇ ಎಲ್ಲರಿಗೂ ಹೇಳುತ್ತ ಬಂದಿದ್ದನೆಂದು ಆಗ ತಿಳಿಯಿತು. ನಾನು ಅವನ ಹೊರಸಿನ ಹತ್ತಿರ ಹೋಗಿ ನೆಲದ ಮೇಲೆ ಕುಳಿತೆ. ಅವನು “ಮ್ಯಾಲ ಕುಂದ್ರಕ್ಕಾ” ಎಂದ. ನಾನು ಏಳಲಿಲ್ಲ. ಅವನ ಮಗ, ಸೊಸೆ, ಮೊಮ್ಮಗಳು ಎಲ್ಲರೂ ಕೇಳುವ ಹಾಗೆ ಹೇಳಿದೆ:

“ಮಲ್ಲು, ಅವತ್ತ ನನಗೇನೂ ಆಗಿದ್ದಿಲ್ಲ. ನಾ ಕಡಿಗಿ ಕುಂತಿದ್ದು ಸುಳ್ಳು. ಗುಂಡಗುರ್ತಿ ಮಂದಿ ನೋಡ್ತಾರಂತ ಅಂಜಿ ನಿನ್ನ ಒಬ್ಬನ್ನೇ ಕಳಿಸಿದೆ. ಹಣೇಬಾರ ಅನ್ನಬ್ಯಾಡ ತಮ್ಮಾ, ಅದು ನಾ ಮಾಡಿದ್ದು. ನಿನ್ನ ಕಸಬು ನಾ ಕಳದೆ. ಇಷ್ಟು ವರ್ಷ ಬಾಯಿ ಮುಚ್ಕೊಂಡು ನಿನ್ನ ಮನಿ ಪಂಚಮಿ ಉಂಡಿ ತಿಂದೆ. ನಂದು ತಪ್ಪಾಗ್ಯಾದ. ನಂದು ಭಾಳ ತಪ್ಪಾಗ್ಯಾದ, ತಮ್ಮಾ.”